ನನ್ನ ಹೆಸರಿಗೆ ಹಾಜರ್ ಅಂದವರು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಹಿರಿಯರೇ, ಮುಖ್ಯ ಅತಿಥಿಗಳಾಗಿ ಬಂದಿರುವ ವಲಯದ ಶಿಕ್ಷಣಾಧಿಕಾರಿಗಳೇ, ಶಾಲೆಯ ಮುಖ್ಯೋಪಾಧ್ಯಾಯರೇ, ಆಸರೆ ಕೊಠಡಿಯ ಸಂಯೋಜಕಿ ಮೇಡಂ ಅವರೇ, ನನ್ನ ಅಮ್ಮನೂ ಸೇರಿದಂತೆ ಎದುರಿಗೆ ಕುಳಿತಿರುವ ಪೋಷಕರೇ, ಸಭಿಕರೇ, ಎಡಗಡೆ ಗೋಡೆ ಪಕ್ಕದ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಿರುವ ಜೊತೆದನಿ ಮಕ್ಕಳೇ.

ಇಷ್ಟು ಸರಿಯಾಗಿ ಹೇಳಿದ್ನಲ್ಲ? ನಿರೂಪಣೆ ಸರ್ ಹೇಳ್ತಿದ್ದಾಗ ಹಿಂದೆ ನಿಂತ್ಕೊಂಡು ಬಾಯಿಪಾಠ ಮಾಡ್ಕೊಂಡೆ. ಇಲ್ಲಿಂದ ಮುಂದೆ ನನಗೆ ಬಾಯಿಪಾಠ ಇಲ್ಲ. ನನಗೆ ಬರೋ ಭಾಷೇಲಿ ಹೇಳ್ತೀನಿ. ಕೇಳಿಸ್ಕೊಳ್ಳೋದು ಬಿಡೋದು ನಿಮಗೆ ಬಿಟ್ಟಿದ್ದು. ಮೈಕ್ ಮಾತ್ರ ಕಿತ್ಕೋಬೇಡಿ.

ಒಂದು ದಿನಾನೂ ತಪ್ಪಿಸದೆ ಬಂದ ವಿದ್ಯಾರ್ಥಿನಿ, ಈ ವರ್ಷ ಶಾಲೆ ಮುಗಿಸಿ ಹೋಗ್ತಿರೋ ನಮ್ಮ ಹೆಮ್ಮೆ, ಅಂತ ಈಗ ತಾನೇ ಒಂದು ಹೆಸರು ಕರೆದ್ರಲ್ಲ, ಅದು ನನ್ನ ಹೆಸರು. ನಾನೇ ಅವಳು. ಎಂಟನೇ ಕ್ಲಾಸಲ್ಲಿ ನಾನು ಈ ಸ್ಕೂಲು ಬಿಟ್ಟು ಹೋದೆ. ಆಮೇಲೆ ಒಂದ್ಸಲ ಮೇಡಂ ಹತ್ರ ಮಾತಾಡೋಕೆ ಬಂದಿದ್ದು ಬಿಟ್ರೆ, ಇವತ್ತೇ ಒಳಗೆ ಬಂದು ಕೂತಿರೋದು.

ಅಧಿಕಾರಿಗಳು ನಗ್ತಾ ಇದಾರೆ. ಹುಡುಗಿ ತಮಾಷೆ ಮಾಡ್ತಿದಾಳೆ ಅಂದ್ಕೊಂಡ್ರು. ಇಲ್ಲ ಸರ್. ತಮಾಷೆ ಮಾಡೋಕೆ ನನಗೆ ರಜ ಸಿಕ್ಕಿಲ್ಲ. ನಾನು ಆಸ್ಪತ್ರೆ ಬಟ್ಟೆ ಒಗೆಯೋ ಕಡೆ ಕೆಲಸಕ್ಕಿದೀನಿ. ಅರ್ಧ ದಿನ ಬಿಟ್ಟು ಬಂದಿದೀನಿ.

ನನಗೆ ಬಹುಮಾನ ಬೇಡ. ನಾನು ಬಂದಿರೋದು ನನ್ನ ತಂಗಿನ ಕರ್ಕೊಂಡು ಹೋಗೋಕೆ. ಆ ಜೊತೆದನಿ ಸಾಲಲ್ಲಿ ಗೋಡೆ ಮೂಲೆಗಿದಾಳೆ ನೋಡಿ. ನನ್ನ ಹೆಸರು ಕರೆದ ತಕ್ಷಣ ನನಗಿಂತ ಮೊದಲು ಎದ್ದು ನಿಂತಳಲ್ಲ, ಅವಳೇ. ನಾನು ಹಿಂದಿನಿಂದ ದಡದಡ ಅಂತ ಓಡಿ ಬಂದು ಮೆಟ್ಟಿಲು ಹತ್ತಿದ್ದಕ್ಕೆ ಅವಳು ಕೂತ್ಕೊಂಡ್ಲು. ಇಲ್ದಿದ್ರೆ ಈ ಹೊತ್ತಿಗೆ ಈ ಮೈಕ್ ಮುಂದೆ ಅವಳಿರ್ತಿದ್ಲು. ನೀವೆಲ್ಲ ಚಪ್ಪಾಳೆ ಹೊಡೀತಿದ್ರಿ.

ಅವಳು ಆರನೇ ಕ್ಲಾಸು. ಈ ವರ್ಷ ಶಾಲೆ ಮುಗಿಸಿ ಹೋಗೋಳು ಅವಳು ಹೇಗಾಗ್ತಾಳೆ? ಯಾರಾದ್ರೂ ಅವಳ ಎತ್ತರ ನೋಡಿದ್ರಾ?

ನನಗೆ ಸಿಟ್ಟು ಜಾಸ್ತಿ ಅಂತ ನಮ್ಮ ಓಣಿಯಲ್ಲಿ ನನ್ನನ್ನ ಬೆಂಕಿಪೊಟ್ಣ ಅಂತ ಕರೀತಾರೆ. ಬೆಂಕಿಪೊಟ್ಣದ ತಂಗಿ ಆದ್ದರಿಂದ ಅವಳು ಕಡ್ಡಿ. ಅವಳು ಇರೋದೂ ಕಡ್ಡಿ ಹಾಗೇ, ಹಾಗಾಗಿ ಯಾರಿಗೂ ಆಕ್ಷೇಪಣೆ ಇರ್ಲಿಲ್ಲ. ಶಾಲೇಲಿ ಅವಳಿಗೆ ಬೇರೆ ಹೆಸರಿದೆ. ಆ ಹೆಸರಿನ ಕಥೆ ಆಮೇಲೆ ಹೇಳ್ತೀನಿ.

ಮೊದಲು ಆಸರೆ ಕೊಠಡಿ, ಓದಲ್ಲಿ ಹಿಂದುಳಿದ ಮಕ್ಕಳನ್ನ ಕೂರಿಸೋ ಜಾಗ. ಅಧಿಕಾರಿಗಳೇ, ನೀವು ಆ ಕೊಠಡಿಗೆ ಒಂದು ಸಲ ಹೋಗಿದೀರಂತೆ, ಫೋಟೋ ಇದೆ. ಅದು ಕೆಳಗಿನ ಮೊಗಸಾಲೆಯ ಕೊನೇಲಿದೆ. ಮುರಿದ ಬೆಂಚು ತುಂಬಿಡ್ತಿದ್ದ ಜಾಗ. ತಿಳಿಹಸಿರು ಬಣ್ಣ ಹೊಡೆದ್ರು, ಚಾಪೆ ಹಾಸಿದ್ರು, ಕಿಟಕಿ ಮಾತ್ರ ಮೆಟ್ಟಿಲ ಗೋಡೆ ಕಡೆಗೇ ಉಳೀತು. ಅದಕ್ಕೇ ಹಗಲು ಹೊತ್ತಲ್ಲೂ ಟ್ಯೂಬ್‌ಲೈಟ್ ಉರೀತಿರ್ಬೇಕು. ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ: ಇಲ್ಲಿ ಯಾರೂ ಗೈರಾಗುವುದಿಲ್ಲ. ಇವತ್ತು ನನ್ನ ಬೆನ್ನ ಹಿಂದೆ ಬ್ಯಾನರ್ ಮೇಲೂ ಅದೇ ಬರೆದಿದೀರಿ.

ಅಕ್ಷರ ನನ್ನ ಕಣ್ಣಿಗೆ ಯಾವತ್ತೂ ಒಂದು ಕಡೆ ನಿಲ್ತಿರ್ಲಿಲ್ಲ. ಓದು ಅಂತ ಎಬ್ಬಿಸಿ ನಿಲ್ಲಿಸಿದ್ರೆ ಮೊದಲನೇ ಸಾಲಲ್ಲೇ ತೊದಲ್ತಿದ್ದೆ. ಹಿಂದಿನಿಂದ ಹುಡುಗ್ರು ಕಿಸಕ್ ಅನ್ನೋರು. ನಾನು ತಿರುಗಿ ಒಬ್ಬನ ಕಪಾಳಕ್ಕೆ ಬಾರಿಸಿದೆ. ಅದಕ್ಕೆ ನನ್ನನ್ನ ಆಸರೆ ಕೊಠಡಿಗೆ ಹಾಕಿದ್ರು.

ಸುಳ್ಳು ಹೇಳ್ಬಾರ್ದು, ಅಲ್ಲಿ ಒಳ್ಳೇದೂ ಇತ್ತು. ಬೆಳಿಗ್ಗೆ ತಿಂಡಿ ಕೊಡ್ತಿದ್ರು. ಬಸ್ ಪಾಸ್ ಮಾಡಿಸಿದ್ರು. ಕಣ್ಣು ತೋರಿಸಿ ಕನ್ನಡಕ ಕೊಡಿಸಿದ್ರು. ಬೋರ್ಡು ಚೆನ್ನಾಗಿ ಕಾಣಿಸೋಕೆ ಶುರುವಾಯ್ತು. ಮೊದಲು ಮಸುಕಾಗಿ ಅರ್ಥ ಆಗ್ತಿರ್ಲಿಲ್ಲ, ಆಮೇಲೆ ಸ್ಪಷ್ಟವಾಗಿ ಅರ್ಥ ಆಗ್ತಿರ್ಲಿಲ್ಲ.

ಈಗ ನಕ್ಕಿದ್ದು ಸರಿ. ಅದು ತಮಾಷೇನೇ.

ಸಂಯೋಜಕಿ ಮೇಡಂ ಕೆಟ್ಟವರಲ್ಲ. ನನ್ನ ಹೊಟ್ಟೆ ಉರಿಯೋದೇ ಅದಕ್ಕೆ. ಕೆಟ್ಟವರಾಗಿದ್ರೆ ಒಂದ್ಸಲ ಬಾಯಿಗೆ ಬಂದ ಹಾಗೆ ಬೈದು ಕೈ ತೊಳ್ಕೊಳ್ತಿದ್ದೆ. ಅವರು ನನ್ನ ತಲೆ ಸವರಿ ಹೇಳಿದ್ರು, "ಉತ್ತರ ಬರ್ಲಿಲ್ಲ ಅಂತ ಯಾಕಮ್ಮ ಅಷ್ಟು ಒದ್ದಾಡ್ತೀಯಾ? ನಿನ್ನ ಪಕ್ಕ ಇವಳನ್ನ ಕೂರಿಸ್ತೀನಿ. ನಿನ್ನ ಪರವಾಗಿ ಇವಳು ಹೇಳ್ತಾಳೆ. ನೀನು ಆರಾಮಾಗಿ ಕೂತ್ಕೋ." ಇದೇ ಜೊತೆದನಿ. ಹಿಂದುಳಿದ ಒಂದು ಮಗೂಗೆ ಒಂದು ದನಿ. ಇವತ್ತು ಇಡೀ ವಲಯಕ್ಕೆ ಮಾದರಿ ಅಂತ ನೀವು ಶಾಲು ಹೊದಿಸಿದ ಯೋಜನೆ.

ನನಗೆ ಸಿಕ್ಕಿದ ದನಿ ಗಂಟೆ. ಹುಡುಗಿ. ಗಂಟಲು ಖಣಖಣ ಅಂತಿತ್ತು, ಅದಕ್ಕೆ ಗಂಟೆ. ಮೇಷ್ಟ್ರು ನನ್ನ ಹೆಸರು ಹಿಡಿದು ಪ್ರಶ್ನೆ ಕೇಳಿದ್ರೆ ಗಂಟೆ ಉತ್ತರ ಹೇಳೋಳು. ಮೇಷ್ಟ್ರು ನನಗೆ ಭೇಷ್ ಅನ್ನೋರು. ಮೊದಮೊದಲು ಸ್ವರ್ಗ ಕಣ್ರೀ. ಯಾರಿಗೆ ಬೇಡ?

ಆಮೇಲೆ ಹಾಜರಿಗೂ ಅವಳೇ ಹಾಜರ್ ಅನ್ನೋಕೆ ಶುರು ಮಾಡಿದ್ಲು. ನಾನು ಪಕ್ಕದಲ್ಲೇ ಇದೀನಿ, ಬಾಯಿ ತೆಗೀತೀನಿ, ಅಷ್ಟರಲ್ಲಿ ಅವಳು ಹೇಳಾಯ್ತು. ಮಕ್ಕಳ ಮನಸ್ಸು ವಿಚಾರಿಸೋಕೆ ಅಂತ ಒಬ್ಬರು ಮೇಡಂ ಬರ್ತಿದ್ರು. "ಈ ವಾರ ಹೇಗಿದೀಯಾ, ಮನೇಲಿ ಎಲ್ಲ ಸರಿಯಾಗಿದ್ಯಾ?" ಅಂತ ನನ್ನ ಕಣ್ಣು ನೋಡಿ ಕೇಳಿದ್ರು. ಗಂಟೆ, "ಚೆನ್ನಾಗಿದೀನಿ ಮೇಡಂ" ಅಂದ್ಲು. ಆ ಮೇಡಂ ನನ್ನ ಕಣ್ಣನ್ನೇ ನೋಡ್ತಾ, "ಒಳ್ಳೇದು" ಅಂದ್ರು. ಆ ವಾರ ಅಪ್ಪ ಮನೆ ಬಿಟ್ಟು ಹೋಗಿದ್ದ.

ಇದನ್ನ ಹೇಳ್ಬೇಕು ಅಂತಿರ್ಲಿಲ್ಲ. ಬಂತು, ಹೇಳ್ದೆ.

ಒಂದು ದಿನ ನನಗೆ ಹಲ್ಲುನೋವು. ದವಡೆ ಒಡೆದು ಹೋಗೋ ಹಾಗೆ. ನಾನು ಬಾಯಿ ಬಿಡೋಕೆ ಮೊದಲೇ ಗಂಟೆ ಕೆನ್ನೆ ಹಿಡ್ಕೊಂಡು, "ಮೇಡಂ, ಹಲ್ಲು" ಅಂದ್ಲು. ಸಂಯೋಜಕಿ ಮೇಡಂ ಅವಳಿಗೆ ಮಾತ್ರೆ ಕೊಟ್ರು. ಅವಳು ನುಂಗಿದ್ಲು. ನನ್ನ ಹಲ್ಲುನೋವು ನಿಂತು ಹೋಯ್ತು.

ಯಾರೂ ನಗ್ಲಿಲ್ಲ ಈಗ. ಆವತ್ತು ನಾನೂ ನಗ್ಲಿಲ್ಲ. ನಾಲಿಗೇಲಿ ಹಲ್ಲು ಮುಟ್ಟಿ ಮುಟ್ಟಿ ನೋಡಿದೆ. ಏನೂ ಇಲ್ಲ. ಪಕ್ಕದಲ್ಲಿ ಗಂಟೆ ದವಡೆ ಒತ್ತಿ ಹಿಡ್ಕೊಂಡು ಕೂತಿದ್ಲು, ಕಣ್ಣಲ್ಲಿ ನೀರು.

ಮಾರನೇ ದಿನ ಪಾಠದ ಮಧ್ಯೆ ನಾನು ಎದ್ದೆ. ಯಾರೂ ಎಲ್ಲಿಗೆ ಅನ್ಲಿಲ್ಲ. ಬಾಗಿಲ ತನಕ ಹೋದೆ. ಹೊಸ್ತಿಲ ಮೇಲೆ ನಿಂತು ಹಿಂದೆ ನೋಡಿದೆ. ಮೇಷ್ಟ್ರು ನನ್ನ ಹೆಸರು ಕರೆದು ಏನೋ ಕೇಳಿದ್ರು. ಗಂಟೆ ಹೇಳಿದ್ಲು. ಮೇಷ್ಟ್ರು ನನ್ನ ಖಾಲಿ ಜಾಗ ನೋಡಿ ತಲೆ ಆಡಿಸಿದ್ರು, "ಕೂತ್ಕೋಮ್ಮ" ಅಂತ.

ಗೇಟಿನ ಹತ್ರ ಹೋಗಿ ಕಾದೆ. ಯಾರಾದ್ರೂ ಬೈಯೋಕಾದ್ರೂ ಬರ್ತಾರೆ ಅಂತ. ವಾಚ್‌ಮನ್ ಬಂದ. "ಯಾರಮ್ಮ ನೀನು? ಶಾಲೆ ಹೊತ್ತಲ್ಲಿ ಹೊರಗಿನವರು ಒಳಗಿರ್ಬಾರ್ದು. ನಡಿ" ಅಂದ. ನಾನು ಯೂನಿಫಾರಂ ಹಾಕ್ಕೊಂಡಿದ್ದೆ ಸಭಿಕರೇ. ಹೊಸ ಕನ್ನಡಕಾನೂ ಹಾಕ್ಕೊಂಡಿದ್ದೆ.

ನಡೆದೆ.

ಓದು ಬಿಟ್ಟವರ ಬಗ್ಗೆ ಭಾಷಣ ಮಾಡುವಾಗ ಮಕ್ಕಳು ಜಾರಿ ಹೋದ್ರು, ಕಳೆದು ಹೋದ್ರು ಅಂತೀರಲ್ಲ, ನಾನು ಎಲ್ಲೂ ಕಳೆದು ಹೋಗ್ಲಿಲ್ಲ. ಎರಡು ರಸ್ತೆ ಆಚೆ ಒಗೆಯೋ ಕಾರ್ಖಾನೇಲಿದ್ದೆ. ಆಸ್ಪತ್ರೆ ಹಾಸುಗಂಬಳಿ, ಬಿಳಿ ಹೊದಿಕೆ, ರಾಶಿ ರಾಶಿ. ಒದ್ದೆ ಹೊದಿಕೇನ ಈ ಕಡೆ ಒಬ್ಬಳು ಆ ಕಡೆ ಒಬ್ಬಳು ಹಿಡಿದು ಇಸ್ತ್ರಿ ಮಾಡೋ ಬಿಸಿ ಉರುಳೆಗೆ ಕೊಡ್ಬೇಕು. ಕೊಡೋ ಮೊದಲು ಇಬ್ಬರೂ "ಬಿಟ್ಟೆ" ಅಂತ ಹೇಳ್ಬೇಕು, ಇಲ್ದಿದ್ರೆ ಉರುಳೆ ಬೆರಳು ಸೇರಿಸಿ ಎಳ್ಕೊಳ್ಳತ್ತೆ. ಸೇರಿದ ಹೊಸದರಲ್ಲಿ ನಾನು ಹೇಳ್ತಾನೇ ಇರ್ಲಿಲ್ಲ. ಅಭ್ಯಾಸ ತಪ್ಪಿ ಹೋಗಿತ್ತಲ್ಲ, ಪಕ್ಕದೋಳು ಹೇಳ್ತಾಳೆ ಅಂತ ಸುಮ್ನೆ ನಿಂತಿರ್ತಿದ್ದೆ. ನಮ್ಮ ಮೇಸ್ತ್ರಿ ಅಕ್ಕ ಯಂತ್ರ ನಿಲ್ಲಿಸಿ ಬೈದ್ಲು, "ಏನೇ, ಬಾಯಿ ಅಡ ಇಟ್ಟು ಬಂದಿದೀಯಾ?"

ಹೌದು ಅಕ್ಕ ಅಂದ್ರೆ ಅವಳಿಗೆ ಅರ್ಥ ಆಗ್ತಿತ್ತಾ?

ನಾನು ಕೆಲಸಕ್ಕೆ ಹೋಗೋದು ಅಮ್ಮನಿಗೆ ಗೊತ್ತಿತ್ತು. ಬೈದ್ಲು, ಅತ್ಲು, ಆಮೇಲೆ ಸುಮ್ನಾದ್ಲು. ಒಂದು ಸಂಜೆ ಸಂಯೋಜಕಿ ಮೇಡಂ ಮನೆಗೆ ಬಂದ್ರು. ಪೋಷಕರ ಭೇಟಿ ಅಂತ ಮಾಡ್ತಾರಲ್ಲ. ನಾನು ಮೂಲೇಲಿ ಕೂತು ಅಂಗೈಗೆ ಮುಲಾಮು ಹಚ್ಕೋತಿದ್ದೆ. ಮೇಡಂ ನನ್ನ ಕಡೆ ನೋಡಿ ಒಂಚೂರು ನಕ್ರು, ಪಕ್ಕದ ಮನೆಯೋರನ್ನ ನೋಡಿ ನಗೋ ಹಾಗೆ. ಅಮ್ಮನಿಗೆ ನನ್ನ ಹೆಸರು ಹೇಳಿ, "ನಿಮ್ಮ ಮಗಳು ತುಂಬ ಸುಧಾರಿಸಿದಾಳೆ. ಸಿಟ್ಟು ಪೂರ್ತಿ ಹೋಗಿದೆ. ಬಾಯಿ ತೆಗೆದ್ರೆ ಮುತ್ತಿನ ಹಾಗೆ ಉತ್ತರ" ಅಂದ್ರು.

ಅಮ್ಮ ನನ್ನ ಕಡೆ ನೋಡಿದ್ಲು. ಮೇಡಂ ಕಡೆ ನೋಡಿದ್ಲು. ನಾನು ಕಾದೆ. ಅಮ್ಮ ಸೆರಗು ಸರಿ ಮಾಡ್ಕೊಂಡು, "ಹೌದಾ ಮೇಡಂ? ಅಷ್ಟು ಚೆನ್ನಾಗಿ ಓದ್ತಾಳಾ?" ಅಂದ್ಲು.

ಅಮ್ಮ, ತಲೆ ಬಗ್ಗಿಸ್ಬೇಡ. ನಿನ್ನ ಮೇಲೆ ದೂರು ಹೇಳ್ತಿಲ್ಲ. ಅಂಥ ಮಗಳು ಇದಾಳೆ ಅಂದ್ರೆ ಯಾವ ತಾಯಿ ಇಲ್ಲ ಅಂತಾಳೆ? ಕೈ ತುಂಬ ಬೊಬ್ಬೆ ಎದ್ದಿರೋಳು ಒಬ್ಬಳು, ಬಾಯಿ ತುಂಬ ಮುತ್ತಿರೋಳು ಒಬ್ಬಳು. ನಾನೇ ತಾಯಿ ಆಗಿದ್ರೂ ಆ ಎರಡನೆಯವಳನ್ನೇ ಆರಿಸ್ಕೊಳ್ತಿದ್ದೆನೋ ಏನೋ. ಆದ್ರೆ ಆವತ್ತಿಂದ ಅಮ್ಮ ನನ್ನ ಹಳೇ ಯೂನಿಫಾರಂ ಒಗೆದು ಇಸ್ತ್ರಿ ಮಾಡಿ ಮೊಳೆಗೆ ತೂಗು ಹಾಕೋಕೆ ಶುರು ಮಾಡಿದ್ಲು. ಬೆಳಿಗ್ಗೆ ನಾನು ಕೆಲಸಕ್ಕೆ ಹೋಗುವಾಗ ಇರ್ತಿತ್ತು. ಸಂಜೆ ಬಂದಾಗಲೂ ಇರ್ತಿತ್ತು. ಸಂಜೆ ಮಾತ್ರ ತೋಳಿನ ಮೇಲೆ ಸೀಮೆಸುಣ್ಣದ ಪುಡಿ. "ಯಾರು ಹಾಕ್ಕೊಂಡಿದ್ದು?" ಅಂತ ಕೇಳಿದೆ. ಅಮ್ಮ ಪುಡಿ ಕೊಡವ್ತಾ, "ಇನ್ಯಾರು ಹಾಕ್ಕೋತಾರೆ, ಅವಳೇ" ಅಂದ್ಲು. ಕಡ್ಡಿ ಆಗ ಇಷ್ಟುದ್ದ. ಅವಳು ಹಾಕ್ಕೊಂಡಿದ್ರೆ ಅದು ನೆಲ ಗುಡಿಸ್ತಿತ್ತು, ಅವಳಂತೂ ಅಲ್ಲ.

ಗಂಟೆ ಆಮೇಲೊಂದು ಸಲ ಬಸ್ ಸ್ಟಾಪಲ್ಲಿ ಸಿಕ್ಕಿದ್ಲು. ಯಾರನ್ನೋ ಬಸ್ ಟೈಮ್ ಕೇಳ್ತಿದ್ಲು, ಅವಳ ಗಂಟಲಲ್ಲಿ ಖಣಖಣ ಇರ್ಲಿಲ್ಲ. ಒಡೆದ ದನಿ, ಮೂಗಲ್ಲಿ ಸ್ವಲ್ಪ, ಕೊನೇಲಿ ಕಚ್ಚೋ ಹಾಗೆ. ನನ್ನ ದನಿ. ಅವಳ ಹೆಸರು ಹಿಡಿದು ಮಾತಾಡಿಸ್ದೆ. ತಿರುಗಿ ನೋಡ್ಲಿಲ್ಲ. ಅವಳ ಅಮ್ಮ ಆಚೆಯಿಂದ ಕರೆದ್ರು, "ಬಾರೇ, ಬಸ್ ಬಂತು" ಅಂತ ಹೆಸರಿಟ್ಟು. ಆಗಲೂ ತಿರುಗ್ಲಿಲ್ಲ. ಆ ಹೆಂಗಸು ಮಗಳ ಕೈ ಹಿಡಿದು ಎಳ್ಕೊಂಡು ಬಸ್ ಹತ್ತಿಸ್ಬೇಕಾಯ್ತು. ಆ ಮನೆಯೋರು ಊರು ಬಿಟ್ಟು ಹೋಗ್ತಿದ್ರು. ಬಸ್ ಹೊರಟಾಗ ಕಿಟಕಿಯಿಂದ ಗಂಟೆ ನನ್ನನ್ನ ನೋಡಿದ್ಲು. ಹಲ್ಲುನೋವಿದ್ದವರ ಹಾಗೆ ಕೆನ್ನೆ ಹಿಡ್ಕೊಂಡಿದ್ಲು.

ಗಂಟೆ ಹೋದ್ಲು ಅಂದ ಮೇಲೆ ನನ್ನ ಹೆಸರಿಗೆ ಯಾರು ಹಾಜರ್ ಅನ್ಬೇಕು? ಇಲ್ಲಿ ಯಾರೂ ಗೈರಾಗುವುದಿಲ್ಲ ಅಂತ ಗೋಡೆ ಮೇಲೆ ಬರೆದಿದಾರಲ್ಲ. ಅಷ್ಟು ಹೊತ್ತಿಗೆ ಕಡ್ಡಿ ಈ ಶಾಲೆಗೆ ಸೇರಿದ್ಲು. ಕಡ್ಡಿಗೆ ಆಸರೆ ಗೀಸರೆ ಏನೂ ಬೇಕಿರ್ಲಿಲ್ಲ. ಅಂಗಡಿ ಬೋರ್ಡು, ಔಷಧಿ ಡಬ್ಬಿ, ಬಸ್ಸಿನ ಹಿಂದೆ ಬರೆದಿದ್ದು, ಕಂಡಿದ್ದನ್ನೆಲ್ಲ ಜೋರಾಗಿ ಓದೋಳು. "ಸಾಕು ಬಾಯಿ ಮುಚ್ಚೇ, ತಲೆ ತಿನ್ಬೇಡ" ಅಂದ್ರೆ, "ನಿನಗೆ ಓದೋಕೆ ಬರಲ್ಲ ಅಂತ ಹೊಟ್ಟೆಕಿಚ್ಚು ಕಣೇ ಅಕ್ಕ" ಅಂತ ಹಲ್ಲು ಕಿರಿಯೋಳು. ಅಂಥವಳನ್ನ ಮೇಡಂ ಕರೆದ್ರು. ಅಕ್ಕನ ದನಿಗೆ ತಂಗಿಗಿಂತ ಹತ್ತಿರದ್ದು ಇನ್ಯಾವ ದನಿ ಸಿಗತ್ತೆ ಅಂತ.

ಜೊತೆದನಿಗೆ ಒಂದು ನಿಯಮ ಇದೆ. ಒಂದು ಬಾಯಿಗೆ ಒಂದೇ ಹೆಸರು. ನನ್ನ ಹೆಸರು ತಗೊಂಡ ಮೇಲೆ ಕಡ್ಡಿ ತನ್ನ ಹೆಸರಿಗೆ ಹಾಜರ್ ಅನ್ನೋ ಹಾಗಿಲ್ಲ. ಅವಳ ಹೆಸರು ಪಕ್ಕದ ಹುಡುಗಿಗೆ ಹೋಯ್ತು. ಪಕ್ಕದ ಹುಡುಗಿಯದು ಅದರ ಪಕ್ಕದವನಿಗೆ. ಪೋಷಕರೇ, ಆ ಸಾಲು ನೋಡಿ. ಅದರಲ್ಲಿ ನಿಮ್ಮ ಮಗು ಇದ್ರೆ ನೋಡಿ. ತನ್ನ ಹೆಸರಿಗೆ ತಾನೇ ಹಾಜರ್ ಅನ್ನೋ ಮಗು ಆ ಸಾಲಲ್ಲಿ ಒಂದೂ ಇಲ್ಲ.

ಕಡ್ಡಿ ಮನೇಲಿ ಓದೋದು ನಿಲ್ಲಿಸಿದ್ಲು. ಔಷಧಿ ಡಬ್ಬಿ ಕೈಗೆ ಕೊಟ್ರೆ ಕಣ್ಣು ಕಿರಿದು ಮಾಡಿ, ಅಕ್ಷರ ಓಡಾಡತ್ತೆ ಅಂದ್ಲು. ಒಂದು ಬೆಳಿಗ್ಗೆ ಅವಳಿಗೆ ತಲೆ ಬಾಚ್ತಾ, "ಕಡ್ಡಿ, ಆ ಕಡೆ ತಿರುಗೇ" ಅಂದೆ. ತಿರುಗ್ಲಿಲ್ಲ. ಜಡೆ ಹಿಡಿದು ಎಳ್ದೆ. ಕನ್ನಡೀಲಿ ನನ್ನ ಮುಖ ನೋಡ್ತಾ, ಬಹಳ ಮರ್ಯಾದೆಯಿಂದ ಅಂದ್ಲು, "ಕಡ್ಡಿ ಸ್ಕೂಲಿಂದ ಇನ್ನೂ ಬಂದಿಲ್ಲ."

ಬಾಚಣಿಗೆ ಕೈಯಿಂದ ಬಿತ್ತು.

ಅದೇ ವಾರ ಕೆಲಸದಲ್ಲಿ ಉರುಳೆಗೆ ನನ್ನ ಮಣಿಕಟ್ಟು ತಾಗಿ ಚರ್ಮ ಸುಲೀತು. ಮೇಸ್ತ್ರಿ ಅಕ್ಕ ಬಟ್ಟೆ ಸುತ್ತಿ, "ಉರಿ ತಡೆಯೋಕಾಗಲ್ಲ, ಮನೆಗೆ ಹೋಗು" ಅಂದ್ಲು. ಉರೀನೇ ಇರ್ಲಿಲ್ಲ. ನಡ್ಕೊಂಡು ಮನೆಗೆ ಬಂದೆ. ಹಿತ್ತಲ ನಲ್ಲಿ ಕೆಳಗೆ ಕಡ್ಡಿ ಕೂತಿದ್ಲು, ಮಣಿಕಟ್ಟಿನ ಮೇಲೆ ನೀರು ಬಿಟ್ಕೊಂಡು. ಗಾಯ ಇಲ್ಲ, ಕೆಂಪೂ ಇಲ್ಲ. ಹಲ್ಲು ಕಚ್ಚಿ ಹಿಡಿದಿದ್ಲು. ನನ್ನ ಕೈಗೆ ಸುತ್ತಿದ ಬಟ್ಟೆ ನೋಡಿ, "ಚೆನ್ನಾಗಿದೀನಿ" ಅಂದ್ಲು. ನಾನು ಅವಳನ್ನ ಏನೂ ಕೇಳಿರ್ಲಿಲ್ಲ.

ಆಗ ನಾನು ಇಲ್ಲಿಗೆ ಬಂದೆ. ಮೇಡಂ, ನಿಮಗೆ ನೆನಪಿದೆ, ಬೇರೆ ಕಡೆ ನೋಡ್ಬೇಡಿ. ನಾನು ಅಂದೆ, "ಮೇಡಂ, ಹಾಜರಿಯಿಂದ ನನ್ನ ಹೆಸರು ತೆಗೀರಿ."

"ಯಾವ ಹೆಸರು?"

ಹೇಳ್ದೆ.

"ಅಯ್ಯೋ, ಅವಳು ಬಹಳ ಒಳ್ಳೆ ಹುಡುಗಿ. ನೀವು ಅವಳಿಗೆ ಏನಾಗ್ಬೇಕು?"

"ನಾನೇ ಅವಳು ಮೇಡಂ. ಅಲ್ಲಿ ಕೂತಿರೋದು ನನ್ನ ತಂಗಿ. ಚಿಕ್ಕ ಮಗು."

ನೀವು ನಗ್ತಾ ನನ್ನ ತಲೆ ಸವರಿದ್ರಿ. "ಇದು ಅವಳಿಗೆ ಕೊನೇ ವರ್ಷ. ಬೀಳ್ಕೊಡುಗೆ ಮಾಡಿ ಕಳಿಸಿಬಿಡ್ತೀವಿ, ಆಮೇಲೆ ನಿಮಗೂ ಚಿಂತೆ ಇರಲ್ಲ."

"ಕಳಿಸೋದು ಅಂದ್ರೆ ಯಾರನ್ನ?"

"ಯಾರು ಹಾಜರಿರ್ತಾರೋ ಅವರನ್ನ."

ಅರ್ಥ ಆಯ್ತಾ ಸಭಿಕರೇ? ಇವತ್ತು ಈ ವೇದಿಕೆ ಮೇಲೆ ನನ್ನ ಹೆಸರಿಗೆ ಹೂಗುಚ್ಛ ಕೊಡ್ತಾರೆ. ಆ ಹೆಸರು ಶಾಲೆ ಮುಗಿಸಿ ಹೋಗತ್ತೆ. ಅದರ ಜೊತೆ ಕಡ್ಡೀನೂ ಹೋಗ್ತಾಳೆ, ಎಲ್ಲಿಗೆ ಅಂತ ನನಗೆ ಗೊತ್ತಿಲ್ಲ. ಸೋಮವಾರ ಹಾಜರಿ ಕೂಗಿದಾಗ ಕಡ್ಡಿ ಹೆಸರಿಗೆ ಪಕ್ಕದ ಹುಡುಗಿ ಹಾಜರ್ ಅಂತಾಳೆ. ಯಾರಿಗೂ ಏನೂ ಕಮ್ಮಿ ಆಗಿರಲ್ಲ. ನಮ್ಮ ಮನೇಲಿ ಮಾತ್ರ ಒಂದು ಮಗು ಇರಲ್ಲ. ಅಮ್ಮನಿಗೆ ಅದೂ ಗೊತ್ತಾಗಲ್ಲ. ಇವತ್ತು ಬೆಳಿಗ್ಗೆ ಅಮ್ಮ ಒಳ್ಳೆ ಸೀರೆ ಉಟ್ಟು, ಮಗಳಿಗೆ ಬಹುಮಾನ ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿ, ಬಾಗಿಲಿಗೆ ಬೀಗ ಹಾಕುವಾಗ ನನ್ನ ಕಡೆ ತಿರುಗಿ ಕೇಳಿದ್ಲು, "ನೀನೂ ಬರ್ತೀಯಾ?"

ಬಂದೆ ಅಮ್ಮ.

ಒಂದು ನಿಮಿಷ. ನಿರೂಪಣೆ ಸರ್, ಟೈಮ್ ಆಯ್ತು ಅಂತ ಕೈ ತೋರಿಸ್ಬೇಡಿ. ನನಗೆ ಇನ್ನೊಂದು ಕಾಣಿಸ್ತಿದೆ. ಸಭಿಕರೇ, ನನ್ನನ್ನ ನೋಡ್ಬೇಡಿ. ಗೋಡೆ ಮೂಲೆಗೆ ನೋಡಿ. ಕಡ್ಡಿ ಬಾಯಿ ನೋಡಿ.

ತುಟಿ ಆಡ್ತಿದೆ. ನಾನು ಏನು ಹೇಳ್ತೀನೋ ಅದೇ. ನಾನು ಗೋಡೆ ಅಂದ್ರೆ ಅವಳೂ ಗೋಡೆ ಅಂತಿದಾಳೆ. ಹಿಂದೆ ಹಿಂದೆ ಹೇಳ್ತಿಲ್ಲ, ನನ್ನ ಜೊತೆಗೇ ಹೇಳ್ತಿದಾಳೆ. ಒಂದೊಂದ್ಸಲ ಒಂಚೂರು ಮೊದಲೇ ಹೇಳ್ತಿದಾಳೆ.

ಎಷ್ಟು ಹೊತ್ತಿಂದ? ಮೊದಲಿಂದಾನಾ? ಹಿರಿಯರೇ ಅಂದಾಗಿಂದಾನಾ?

ನಾನು ಈಗ ಮಾತು ನಿಲ್ಲಿಸ್ತೀನಿ. ನೀವು ಅವಳನ್ನ ನೋಡ್ತಿರಿ.

ನೋಡಿದ್ರಲ್ಲ. ನಾನು ನಿಲ್ಲಿಸಿದ ಮೇಲೂ ನಿಲ್ಲಿಸ್ಲಿಲ್ಲ. ಏನೋ ಹೇಳಿದ್ಲು. ಕಡ್ಡಿ, ಏನಂದೆ? ಕೇಳಿಸ್ತಿಲ್ಲ. ಅವಳ ಮುಂದೆ ಕೂತಿರೋ ಅಣ್ಣ, ನಿಮಗೆ ಕೇಳಿಸ್ತಾ? ಏನಂದ್ಲು?

ಹೆದರಿಕೆ ಆಗ್ತಿದೆ ಅಂದ್ಲಾ?

ನಾನು ಆ ಮಾತು ಹೇಳೇ ಇಲ್ಲ. ಈ ಮೆಟ್ಟಿಲು ಹತ್ತಿದಾಗಿಂದ ನನಗೆ ಹೆದರಿಕೇನೇ ಆಗಿಲ್ಲ. ಅದೇ ಯೋಚನೆ ಮಾಡ್ತಿದ್ದೆ. ಒಂದು ಸಾಲು ಓದು ಅಂದ್ರೆ ತೊದಲೋಳು, ಇಷ್ಟು ಜನ, ಇಷ್ಟು ದೊಡ್ಡವರ ಮುಂದೆ ನಾಲಿಗೆ ತೊಡರದೆ ಬೈತಾ ನಿಂತಿದೀನಲ್ಲ, ಇಷ್ಟು ಧೈರ್ಯ ಎಲ್ಲಿಂದ ಬಂತು ಅಂತ. ಸಿಟ್ಟಿಂದ ಬಂತು ಅಂದ್ಕೊಂಡಿದ್ದೆ. ಈಗ ಅವಳ ಕಾಲು ನೋಡಿ. ಕುರ್ಚಿ ಅಲ್ಲಾಡ್ತಿದೆ. ಅದು ನನ್ನ ನಡುಕ. ನನ್ನ ಪರವಾಗಿ ಆ ಮಗು ಅಲ್ಲಿ ಕೂತು ನಡುಗ್ತಿದೆ.

ಕಡ್ಡಿ, ಎದ್ದೇಳು. ಪಕ್ಕದ ಹುಡುಗಿ ಎದ್ರೆ ಎದ್ದೇಳ್ಲಿ, ಅವಳನ್ನ ನೋಡ್ಬೇಡ. ನಾನು ಶಾಲೆ ಹೆಸರು ಕರೀತಿಲ್ಲ. ಕಡ್ಡಿ ಅಂತಿದೀನಿ. ಆ ಹೆಸರನ್ನ ಯಾರಿಗೂ ಹಂಚಿಲ್ಲ, ಅದಕ್ಕೆ ಹಾಜರ್ ಅನ್ನೋಕೆ ನೀನೊಬ್ಬಳೇ ಇರೋದು. ನಡ್ಕೊಂಡು ಬಾ. ಕಾಲು ಎತ್ತಿಡೋಕೆ ಆಗ್ತಿಲ್ವಾ? ಆಗಲ್ಲ, ಅದು ಅಷ್ಟು ದೊಡ್ಡ ಹೆದರಿಕೆ, ನಿನ್ನ ಅಳತೇದಲ್ಲ ಅದು. ದಾರಿ ಬಿಡಿ ಸ್ವಲ್ಪ. ಯಾರೂ ಅವಳನ್ನ ಮುಟ್ಬೇಡಿ. ಬಾ. ಮೆಟ್ಟಿಲು ಇದೆ, ನೋಡ್ಕೊಂಡು. ಕೈ ಕೊಡು.

ಅಯ್ಯೋ, ಎಷ್ಟು ತಣ್ಣಗಿದೆ ಕೈ.

ಬಿಡು ಆ ಹೆದರಿಕೇನ. ನನಗೆ ಕೊಡು. ನನ್ನದು ಅದು ಕಣೇ.

ಬಂತು. ಸಭಿಕರೇ, ಕ್ಷಮಿಸಿ, ಈಗ ನನ್ನ ಮಾತು ಒಂಚೂರು ತೊದಲತ್ತೆ. ಈ ಮೈಕ್ ಕಂಬ ಹಿಡ್ಕೋತೀನಿ. ನೀವೆಲ್ಲ ಬಹಳ ಜನ ಕಾಣಿಸ್ತಿದೀರಿ, ಇಷ್ಟು ಹೊತ್ತೂ ಇಷ್ಟು ಜನ ಇರ್ಲಿಲ್ಲ. ಈ ಕಡ್ಡಿ ಬ್ಯಾನರ್ ಕಡೆ ತಿರುಗಿ ಅದರ ಮೇಲಿರೋದನ್ನ ಓದ್ತಿದಾಳೆ, ಜೋರಾಗಿ. ಓದು, ಓದು. ತಲೆ ತಿನ್ನು.

ಮೇಡಂ, ಕೊನೇದಾಗಿ ಒಂದು ಉಪಕಾರ. ನನ್ನ ಹೆಸರು ಇನ್ನೊಂದ್ಸಲ ಕರೀರಿ. ಮೈಕ್ ಬೇಡ, ಹಾಗೇ ಕರೀರಿ, ದಿನಾ ಕರೆಯೋ ಹಾಗೆ. ನಾವಿಬ್ರೂ ಇಲ್ಲೇ ಬಾಯಿ ಮುಚ್ಕೊಂಡು ನಿಂತಿರ್ತೀವಿ. ಅಲ್ಲಿ ಯಾರೂ ಇಲ್ಲ ಅಂತ ನೀವೇ ನೋಡಿ, ಆಮೇಲೆ ಗೈರು ಅಂತ ಬರ್ಕೊಳ್ಳಿ. ಅಷ್ಟೇ ನನಗೆ ಬೇಕಾಗಿದ್ದು. ಕರೀರಿ.

ಕೇಳಿಸ್ತು.

ನಿಮಗೂ ಕೇಳಿಸ್ತು, ಆ ಕಡೆ ಕೂತವರೆಲ್ಲ ಕುರ್ಚಿ ಈಚೆಗೆ ಎಳ್ಕೊಳ್ತಿದೀರಲ್ಲ. ಗೋಡೆ ಮೂಲೆಯಿಂದ ಬಂತು, ಹಾಜರ್ ಅಂತ. ಇವಳು ಎದ್ದು ಬಂದ ಖಾಲಿ ಕುರ್ಚಿಯಿಂದ. ಎಷ್ಟು ಚೆನ್ನಾಗಿ ಹೇಳ್ತು, ಮುತ್ತಿನ ಹಾಗೆ.

ಮೇಡಂ, ನೀವು ತಲೆ ಆಡಿಸಿದ್ರಿ. ಕೂತ್ಕೋಮ್ಮ ಅಂದ್ರಿ.

ಆಯ್ತು. ಆ ಬಹುಮಾನ, ಆ ಹೂವು, ಎಲ್ಲ ಅದಕ್ಕೇ ಕೊಟ್ಟುಬಿಡಿ. ಒಂದು ದಿನಾನೂ ತಪ್ಪಿಸಿಲ್ಲ ಪಾಪ. ನಾವು ಹಿಂದಿನ ಬಾಗಿಲಿಂದ ಹೋಗ್ತೀವಿ. ಪೋಷಕರೇ, ನಿಮ್ಮ ನಿಮ್ಮ ಮಕ್ಕಳನ್ನ ಮನೇಲಿ ಕರೆಯೋ ಹೆಸರಿಂದ ಕರೀರಿ, ಈಗಲೇ ಕರೀರಿ, ತಿರುಗಿ ನ-ನೋಡಿದವರನ್ನ ಕೈ ಹಿಡಿದು ಕರ್ಕೊಂಡು ಹೋಗಿ.

ಮಾತಾಡೋಕೆ ಬಿಟ್ಟ ಅಧ್ಯಕ್ಷರಿಗೆ, ಇಷ್ಟು ಹೊತ್ತು ಸಹಿಸ್ಕೊಂಡ ನಿಮಗೆಲ್ಲ ಉಪಕಾರ ಆಯ್ತು. ಅಮ್ಮ, ಏಳು, ಹೋಗೋಣ. ಯಾಕೆ ಆ ಕುರ್ಚಿ ಹತ್ರ ಹೋಗ್ತಿದೀಯಾ? ಅಲ್ಲಿ ಯಾರಿಗೆ ಸೆರಗಲ್ಲಿ ಮುಖ ಒರೆಸ್ತಿದೀಯಾ? ಅಮ್ಮ, ಈ ಕಡೆ ನೋಡು. ನಿನಗಿರೋದು ಇಬ್ರೇ ಮಕ್ಕಳು. ಇಬ್ರೂ ಇಲ್ಲಿದೀವಿ.

ಎಲ್ಲರಿಗೂ ನಮಸ್ಕಾರ.